ಕಸದ ಗಾಡಿ ಪುಷ್ಪ ಕಟ್ಟಿದ ಪದ

ಪುಷ್ಪ ಅಂದ್ರೆ ಊ ಕಟ್ಟೋ ಪುಷ್ಪ ಅಲ್ಲ, ಅಂಗನವಾಡಿ ಪುಷ್ಪನೂ ಅಲ್ಲ. ಕಸದ ಗಾಡಿ ಪುಷ್ಪ. ಮಾರ್ಟಳ್ಳಿ ಮಗ್ಗುಲಲ್ಲಿರೋ ನಮ್ಮೂರ್ಗೆ ಬಂದು 'ಪೀಪೀ ಪುಷ್ಪನ ಮನೆ ಎಲ್ಲಿ' ಅಂತ ಕೇಳಿ, ನಾಯಿನೂ ಮುಂದೆ ಮುಂದೆ ನಡ್ಕಂಡು ಓಗಿ ತೋರುಸ್ತದೆ. ಆ ಪೀಪೀ ಎಲ್ಲಿಂದ ಬಂತು ಅನ್ನೋದೇ ಕಥೆ. ಕುಂತ್ಕಳಿ. ಕಾಫಿ ಆರೋಗ್ತದೆ, ಮೊದ್ಲು ಅದ ಕುಡೀರಿ.

ಆ ಉಡುಗಿ ಉಟ್ಟಿದ್ದು ಕೊಳ್ಳೇಗಾಲ್ದಲ್ಲಿ. ಅವಳಪ್ಪ ಮುತ್ತಯ್ಯ ರೇಷ್ಮೆ ಗೂಡು ಬೇಯ್ಸಿ ನೂಲು ತೆಗೆಯೋ ಕಡೆ ಕೆಲ್ಸಕ್ಕಿದ್ದ. ಬಿಸ್ನೀರಲ್ಲಿ ಅದ್ದಿ ಅದ್ದಿ ಬೆರಳೆಲ್ಲ ಬಿಳುಚ್ಕಂಡು ನೆನೆದ ಕಡ್ಲೆಬೇಳೆ ಅಂಗಾಗಿರವು, ಪಾಪ. ಆದ್ರೂ ಮನುಸ ನಗ್ತಾ ಇರೋನು. ಒಂದ್ಸಲ ಯಾರೋ ಬ್ಯಾಡ ಅಂತ ಬಿಸಾಕಿದ್ದ ಗೇಮು ಡಬ್ಬ ಒಂದ ಮಗಳ್ಗೆ ತಂದ. ಟೀವಿಗೆ ಸಿಕ್ಸೋದು, ಕೈಲೊಂದು ಗುಂಡಿ ಪಟ್ಟಿ ಇಡ್ಕಂಡು ಕುಂತ್ಕಳೋದು. ಟೀವಿ ಒಳಗೆ ಒಂದು ಕಪ್ಪೆ ಬಾವಿಯಿಂದ ಬಾವಿಗೆ ನೆಗೀತದೆ, ಗುಂಡಿ ಒತ್ತೋದು ತಡವಾದ್ರೆ ಬುಳುಕ್ ಅಂತ ಮುಳುಗೋಯ್ತದೆ. ಅಷ್ಟೇ ಆಟ. ಅದಕ್ಕೆ ತಕ್ಕಂಗೆ ಒಳಗಿಂದ ಪೀಪೀ ಪೀಪೀ ಅಂತ ಒಂದು ರಾಗ.

ತಂದ ಒಂದೆರಡು ತಿಂಗ್ಳಿಗೆ ಟೀವಿ ಕೆಟ್ಟೋಯ್ತು. ಪೂರ್ತಿ ಕೆಟ್ಟಿದ್ರೆ ಗುಜರಿಗೆ ಓಗೋದು, ಅರ್ಧ ಕೆಡ್ತು. ಮುಸುಡಿ ಕಪ್ಪಾಯ್ತು, ದನಿ ಮಾತ್ರ ಉಳ್ಕಂತು. ಬ್ಯಾರೆ ಮಕ್ಕಳಾಗಿದ್ರೆ ಅತ್ಬುಟ್ಟು ಬೀದಿಗೆ ಆಡೋಕೆ ಓಯ್ತಿದ್ವು. ಇವ್ಳು ಆ ಕಪ್ಪು ಟೀವಿ ಮುಂದೇನೇ ಕುಂತು ಆಡಿದ್ಲು! ಕಪ್ಪೆ ಬಾವಿ ಅತ್ರಕ್ಕೆ ಬಂದ್ರೆ ಕೆಳಗಿನ ದನಿ ಡುಂಡುಂ ಅಂತ ಬಿರುಸಾಗೋದಂತೆ, ಆಗ ಗುಂಡಿ ಒತ್ತೋದು. ದಾಟುದ್ರೆ ಮೇಲಿನ ದನಿ ಕುಣಿಯೋದು. ಕಣ್ಣು ಮುಚ್ಕಂಡು ಕಪ್ಪೇನ ದಡ ಸೇರುಸ್ತಿದ್ಲು. ಅಕ್ಕಪಕ್ಕದೋರು ಅವರವ್ವನ್ಗೆ ಯೋಳಿದ್ರು, "ನಿನ್ನ ಮಗಳು ಕರೀ ಟೀವಿ ನೋಡ್ಕಂಡು ನಗ್ತಾಳೆ ಕಣವ್ವ, ಎಲ್ಲಾರ ತಾಯತ ಕಟ್ಟುಸು." ಕಟ್ಟುಸುದ್ರು. ತಾಯತ ಕಟ್ಕಂಡೂ ಆಡಿದ್ಲು.

ಆಮ್ಯಾಕೆ ಮದ್ವೆ ಆಯ್ತು, ನಮ್ಮೂರ್ಗೆ ಬಂದ್ಲು. ಗಂಡ ಮೂರ್ತಿ, ರೋಡ್ ಮಗ್ಗುಲಲ್ಲಿ ಪಂಚರ್ ಅಂಗಡಿ ಇಟ್ಕಂಡವ್ನೆ. ಒಳ್ಳೆ ಉಡುಗ, ಮಾತು ಕಮ್ಮಿ. ಟ್ಯೂಬ್ನ ನೀರಲ್ಲಿ ಮುಳುಗ್ಸಿ ಗುಳ್ಳೆ ಬರೋದನ್ನೇ ನೋಡ್ಕಂಡು ಕುಂತಿದ್ರೆ ಮಾತು ಎಲ್ಲಿಂದ ಬರ್ಬೇಕು? ಮಾವ ದೊಡ್ಡಮಾದಪ್ಪ. ಅವ್ನ ವಿಷ್ಯ ಯೋಳ್ಲೇಬೇಕು. ಅವ್ನು ಮಾದಪ್ಪನ ಗುಡ್ಡಪ್ಪ, ದ್ಯಾವ್ರ ಪದ ಏಳ್ಕಂಡು ಮನೆ ಮನೆ ಸುತ್ತೋ ದೀಕ್ಷೆ ತಕಂಡೋನು. ಎಡಗೈಲಿ ಬಟ್ಲಂಗಿರೋ ಕಂಚು, ಬಲಗೈಲಿ ಗೊಂಡೆ ಕಟ್ಟಿರೋ ಕಂಚಿನ ತಟ್ಟೆ, ಇದೇ ಕಂಸಾಳೆ. ಅವ್ನು ಕಂಸಾಳೆ ಆಡುಸ್ಕಂಡು ಬೀದಿಗೆ ಬಂದ್ರೆ, ಒಲೆ ಮ್ಯಾಲೆ ಆಲಿಟ್ಟಿದ್ರೂ ಬುಟ್ಟು ಓಡ್ಬಂದು ಎಂಗಸ್ರು ಮೊರದಲ್ಲಿ ರಾಗಿ ತಂದು ಜೋಳ್ಗೆಗೆ ನೀಡೋರು. ಅದೇ ಪಡಿ. ಸೋಮ್ವಾರ ಮಾದಪ್ಪನ ವಾರ, ಅವತ್ತು ಗುಡ್ಡಪ್ಪನ್ನ ಬರಿಗೈಲಿ ಕಳ್ಸೋರು ಯಾರೂ ಇಲ್ಲ. ಮಂಡಿ ಇಡ್ಕಂಡ ಮ್ಯಾಲೆ ಮುದುಕಪ್ಪ ಊರು ಸುತ್ತೋದ ಬುಟ್ಟ. ಕಂಸಾಳೆ ಗ್ವಾಡೆ ಗೂಟದಲ್ಲಿ ನೇತಾಡ್ತದೆ. ಸೊಸೆ ಮ್ಯಾಲೆ ಪ್ರಾಣ ಅವ್ನಿಗೆ. ಅವಳು ಮಾಡೋ ಸೊಪ್ಪಿನ ಸಾರು ಉಪ್ಪಾಗಿದ್ರೂ ಎರಡ್ ಸಲ ಇಕ್ಕುಸ್ಕತಾನೆ.

ಈಗ ಗಾಡಿ ವಿಷ್ಯಕ್ಕೆ ಬತ್ತೀನಿ. ಪಂಚಾಯ್ತಿಯೋರು ಕಸ ಎತ್ತೋಕೆ ಒಂದು ಆಟೋ ತಂದ್ರು, ಅಸಿರು ಬಣ್ಣದ್ದು. ಓಡ್ಸೋಕೆ ಸಂಘದ ಎಣ್ಮಕ್ಕಳ್ಗೇ ಕಲುಸ್ತೀವಿ ಅಂದ್ರು. ಮೀಟಿಂಗಲ್ಲಿ ಎಲ್ರೂ ಸೆರಗು ಬಾಯ್ಗೆ ಇಟ್ಕಂಡು ನಗ್ತಾ ಕುಂತಿದ್ರೆ ಪುಷ್ಪ ಒಬ್ಳೇ ಎದ್ ನಿಂತ್ಲು. ಕಲೀವಾಗ ಒಂದು ಬೇಲಿ, ಒಂದು ಬಣವೆ, ಪಂಚಾಯ್ತಿಯೋರದೇ ಒಂದು ಬೋರ್ಡು, ಎಲ್ಲಕ್ಕೂ ಗುದ್ದಿದ್ಲು. ಆದ್ರೆ ಕಲ್ತ್ಲು. ಆ ಗಾಡಿ ವೀಲ್ ಇಡ್ಕಂಡು ಊರೊಳಗೆ ಬಂದಾಗ ಅವಳ ಮುಖ ನೋಡ್ಬೇಕಿತ್ತು ನೀವು! ಚೊಚ್ಚಲ ಮಗ ಎತ್ಕಂಡು ತವ್ರಿಂದ ಬಂದೋರಿಗೂ ಅಷ್ಟು ಬಿಂಕ ಇರಾಕಿಲ್ಲ. ದಿನಾ ಒತ್ತಾರೆ ಗಾಡಿ ತೊಳ್ದು, ಕನ್ನಡಿಗೆ ಕನಕಾಂಬರ ಸಿಕ್ಸಿ, ವಿಭೂತಿ ಬಳ್ದು, ಆಮ್ಯಾಲೆ ಗಂಡನ್ಗೆ ಕಾಫಿ. ಮೂರ್ತಿ ಒಂದ್ಸಲ ಕೇಳ್ದ, "ಲೇ, ನಂಗೂ ಒಂದು ಊ ಸಿಕ್ಸೇ." "ನೀನು ಸ್ಟಾರ್ಟ್ ಆಗೋಕೆ ಎಷ್ಟೊತ್ ಬೇಕು, ಅದು ಒಂದೇ ತಿರುವ್ಗೆ ಸ್ಟಾರ್ಟ್ ಆಯ್ತದೆ" ಅಂದ್ಲು.

ಗಾಡಿ ಬಂತು, ಕಸ ಬರ್ಲಿಲ್ಲ. ಅದೇ ತಾಪತ್ರಯ ಆದ್ದು. ಗಾಡಿ ಮ್ಯಾಲೆ ಒಂದು ಮೈಕ್ ಸೆಟ್ ಇತ್ತು, ಅದ್ರೊಳಗೆ ಒಬ್ಬ ಗಂಡಸು ದನಿ. "ನಾಗರಿಕರೇ, ತ್ಯಾಜ್ಯವನ್ನು ವಿಂಗಡಿಸಿ ಸಹಕರಿಸಿ" ಅಂತ. ಅವ್ನು ಯಾರೋ, ಯಾವೂರೋ, ನಮ್ ಮ್ಯಾಲೆ ಅದೇನು ಸಿಟ್ಟೋ! ಮ್ಯಾಗಲ ಬೀದಿ ಎಂಗಸ್ರು, "ಬಂದ್ನಪ್ಪ ಬಯ್ಯೋ ರಾಯ" ಅಂತ ಬಾಗ್ಲು ಆಕ್ಕಳೋರು. ಕೆಳಗಲ ಬೀದಿಲಿ ಎಲ್ಲ ತಮಿಳು ಮಾತಾಡೋರು, ಏಸು ಫೋಟೋ ಇಟ್ಟಿರೋರು. ಅವ್ರಿಗೆ ಅವ್ನು ಬೈದದ್ದೂ ಗೊತ್ತಾಗ್ತಿರ್ಲಿಲ್ಲ. ತಮಿಳಲ್ಲಿ ಆಕುದ್ರೆ ಮ್ಯಾಗಲೋರು ಮುನಿಸ್ಕತಾರೆ, ಕನ್ನಡದಲ್ಲಿ ಆಕುದ್ರೆ ಕೆಳಗಲೋರು ಮಲಗ್ತಾರೆ. ಕಸ ಎಲ್ಲ ಮಾಮೂಲಿನಂಗೆ ಅಳ್ಳಕ್ಕೇ ಓಯ್ತಿತ್ತು. ಗಾಡಿ ಊರೆಲ್ಲ ಸುತ್ಕಂಡು, ತಳದಲ್ಲಿ ಒಂದೆರಡು ಚಿಪ್ಸ್ ಕವರು ಉಳ್ಳಾಡುಸ್ಕಂಡು ವಾಪಸ್ ಬರೋದು.

ಅಧ್ಯಕ್ಷೆ ಶಂಕರಮ್ಮ ಪುಷ್ಪನ್ನ ಕರುಸುದ್ಲು. ಶಂಕರಮ್ಮನ ಮಾತು ಗೊತ್ತಲ್ಲ, ಮೆಣ್ಸಿನ್ಕಾಯ್ನ ಎಣ್ಣೆಗೆ ಬುಟ್ಟಂಗೆ. "ನೋಡವ್ವ ಪುಷ್ಪ, ಖಾಲಿ ಗಾಡಿಗೆ ಡೀಸಲ್ ಆಕೋಕೆ ಪಂಚಾಯ್ತಿ ಏನು ನನ್ನ ಅತ್ತೆ ಮನೆಯಾ? ಮೆಂಬ್ರುಗಳು ಗಾಡಿನ ಅನೂರಿನ ಕಂಟ್ರಾಕ್ಟ್ನೋನಿಗೆ ವಹಿಸ್ಬುಡಿ, ಅವ್ನ ಡ್ರೈವರೇ ಬತ್ತಾನೆ ಅಂತಾವ್ರೆ. ಈ ತಿಂಗ್ಳು ಕಳೀಲಿ. ಶೆಡ್ಡಲ್ಲಿ ಒಣ ಕಸ ಬಂದು ಬಿದ್ರೆ ವೀಲು ನಿಂದು. ಇಲ್ದಿದ್ರೆ ಕೀ ತಂದು ನನ್ನ ಟೇಬಲ್ ಮ್ಯಾಲೆ ಮಡುಗು."

ಪುಷ್ಪ ಮನೆಗೆ ಬಂದು ಗಾಡಿ ಒಳಗೇ ಕುಂತ್ಲು. ಇಳೀಲೇ ಇಲ್ಲ. ವೀಲ್ ಮ್ಯಾಲೆ ಕೈ ಇಟ್ಕಂಡು, ಈ ಜಾಗ್ದಲ್ಲಿ ಇನ್ನೊಬ್ಬ ಬೀಡಿ ಸೇದ್ಕಂಡು ಕುಂತಿರ್ತಾನಲ್ಲ ಅಂದ್ಕಂಡು ಅದ ಇನ್ನೂ ಬಿಗಿಯಾಗಿ ಇಡ್ಕಂಡ್ಲು. ಗೇರಾಕೋದು ಕಲ್ಯೋಕೆ ಎಷ್ಟು ನಗಾಡುಸ್ಕಂಡವಳೆ! ಕೊಡಾಕಿಲ್ಲ ಅಂದ್ಕಂಡ್ಲು. ಎಂಗೆ ಅಂತ ಗೊತ್ತಿಲ್ಲ, ಕೊಡಾಕಿಲ್ಲ ಅಷ್ಟೇ.

ನಮ್ಮ ಪಂಚಾಯ್ತಿ ಲೈಬ್ರರಿಲಿ ಕಂಪ್ಯೂಟರ್ ಅದೆ. ದೇವರಾಜು ಅಂತ ಲೈಬ್ರರಿ ನೋಡ್ಕಳೋನು, ಕನ್ನಡಕದ ಉಡುಗ, ಯಾರು ಏನು ಕೇಳುದ್ರೂ ಇಲ್ಲ ಅನ್ನಾಕಿಲ್ಲ. ಪುಷ್ಪ ಓಗಿ, "ದೇವರಾಜಣ್ಣ, ಈ ಬಯ್ಯೋ ಮನುಸನ ತೆಗೆದು ಬ್ಯಾರೆ ಏನಾರ ಆಕ್ಬೇಕು. ಮಾತೇ ಇರ್ಬಾರ್ದು. ಎರಡು ಬೀದಿಗೂ ಒಂದೇ ಆಗ್ಬೇಕು" ಅಂದ್ಲು.

"ಮಾತಿಲ್ದೆ ಅಂದ್ರೆ ನಾದಸ್ವರ ಆಕ್ಲಾ?"

"ಮದ್ವೆ ಅಂತ ಊಟದೆಲೆ ತಕಂಡ್ ಬಂದಾರು. ಬ್ಯಾಡ. ಅಳೇ ಗೇಮು ಡಬ್ಬದ ದನಿ ಇರ್ತಿತ್ತಲ್ಲಣ್ಣ, ಪೀಪೀ ಅಂತ, ಅಂಥದ್ದು."

ಅಳೇ ಡಬ್ಬ ಎಲ್ಲಿ ತರೋದು? ದೇವರಾಜು ಅದೇನೋ ಉಡುಕಿ ಉಡುಕಿ ಇಂಟರ್ನೆಟ್ಟಿಂದ ಒಂದು ಪ್ಲಗಿನ್ ಇಳುಸ್ದ. ಪ್ಲಗಿನ್ ಅಂದ್ರೆ, ನಂಗೆ ತಿಳ್ದಂಗೆ ಯೋಳ್ತೀನಿ, ಕಂಪ್ಯೂಟರಲ್ಲಿ ರಾಗ ಕಟ್ಟೋ ಒಂದು ಸಾಫ್ಟ್‌ವೇರ್ ಇರ್ತದೆ, ಅದ್ರೊಳಕ್ಕೆ ಇನ್ನೊಂದು ಸಣ್ಣದ ತಂದು ಕೂರ್ಸೋದು. ಆ ಸಣ್ಣದು ಅಳೇ ಗೇಮು ಡಬ್ಬ ಎಂಗೆ ಕೂಗ್ತಿತ್ತೋ ತದ್ವತ್ ಅಂಗೇ ಕೂಗ್ತದೆ. ಮೈಮ್ಯಾಲೆ ಬಂದೋರು ಸತ್ತೋರ ದನೀಲಿ ಮಾತಾಡಾಕಿಲ್ವಾ, ಅಂಗೆ. ದೇವರಾಜು ಮೊದ್ಲನೇ ಸಲ ಒಂದು ಗುಂಡಿ ಒತ್ತಿದ್ದೇ, ಕಿವಿಗೆ ಸಿಕ್ಕುಸ್ಕಂಡಿದ್ದ ಎಡ್ಫೋನಲ್ಲಿ "ಪೀ" ಅಂತು. ಪುಷ್ಪ ಕಿಸಕ್ಕನೆ ನಕ್ಬುಟ್ಲು. ಕೊಳ್ಳೇಗಾಲದ ಮನೆ, ಕರೀ ಟೀವಿ, ಬಾವಿ ದಾಟೋ ಕಪ್ಪೆ, ಎಲ್ಲ ಆ ಒಂದು ಪೀ ಒಳಗೇ ಇತ್ತು.

ಅಲ್ಲಿಂದ ಶುರು ಆಯ್ತು ನೋಡಿ ಉಚ್ಚು. ಒತ್ತಾರೆ ಗಾಡಿ, ಮದ್ಯಾನ ಲೈಬ್ರರಿ. ಆ ಡಬ್ಬದ ದನಿಗೆ ನಾಕೇ ಗಂಟ್ಲಂತೆ. ಎರಡು ಪೀಪೀ ಗಂಟ್ಲು, ಮೂಗಿನಲ್ಲಿ ರಾಗ ಎಳೆಯೋ ಎಂಗಸ್ರಂಗೆ. ಒಂದು ಕೆಳಗಿನ ಗಂಟ್ಲು, ಬುರುಡೆ ಒಳಗೆ ಊದ್ದಂಗೆ. ನಾಕನೇದು ರಾಗಾನೇ ಅಲ್ಲ, ಬರೀ ಸೊರ್ ಅಂತದೆ, ಮೊರಕ್ಕೆ ರಾಗಿ ಸುರುದಂಗೆ. ಒಂದೊಂದು ಗಂಟ್ಲು ಒಂದ್ಸಲಕ್ಕೆ ಒಂದೇ ಸ್ವರ ಕೂಗೋದು. ಜಾಸ್ತಿ ಬೇಕು ಅಂದ್ರೆ ಒಂದೇ ಗಂಟ್ಲಲ್ಲಿ ಮೂರು ಸ್ವರಾನ ಬಿರಬಿರನೆ ಉರುಳ್ಸೋದು, ಕೇಳೋರ್ಗೆ ಮೂರು ಜನ ಕೂಗಿದಂಗೆ ಅನ್ನುಸ್ತದೆ. ಪುಷ್ಪ ಅಂದ್ಲು, "ಇದು ನಮ್ಮ ಸಂಸಾರ ಇದ್ದಂಗೇ ಅದೆ ಕಣಣ್ಣ. ಇರೋದು ನಾಕು ಕಾಳು, ಊರ್ಗೆಲ್ಲ ಅಡ್ಗೆ ಮಾಡ್ದಂಗೆ ತೋರುಸ್ಬೇಕು."

ಆ ಸೊರ್ ಅನ್ನೋ ಗಂಟ್ಲನ್ನ ಚೂರೇ ಚೂರು ಬುಟ್ಟು ಟಕ್ಕನೆ ಕತ್ತರ್ಸುದ್ರೆ ಚಿಲ್ ಅಂತಿತ್ತು. ಚಿಲ್, ಚಿಲ್, ಚಿಚಿಲ್. ಅದ ಕೇಳ್ತಿದ್ದಂಗೆ ಪುಷ್ಪನ್ಗೆ ಗೂಟದ ಮ್ಯಾಲಿನ ಕಂಸಾಳೆ ಗ್ಯಾನಕ್ಕೆ ಬಂತು. ಮದ್ವೆಯಾಗಿ ಬಂದ ಒಸದ್ರಲ್ಲಿ ಮಾವ ಬಾರುಸ್ತಿದ್ದ ತಾಳ ಕೈಯಲ್ಲೇ ಇತ್ತು ಅವಳ್ಗೆ. ಅದ ಕೂರುಸುದ್ಲು. ಮ್ಯಾಲೆ ಪೀಪೀಲಿ, ಮಾವ ಬಾಗ್ಲು ಬಾಗ್ಲಿಗೆ ಓಗಿ ಏಳ್ತಿದ್ದ ಪದದ ರಾಗ ಕೂರುಸುದ್ಲು. ಪೆನ್ ಡ್ರೈವ್ಗೆ ಆಕುಸ್ಕಂಡು ಬಂದು ಮೈಕ್ ಸೆಟ್ಗೆ ಸಿಕ್ಸುದ್ಲು. ಯಾರ್ಗೂ ಯೋಳ್ಲಿಲ್ಲ. ಮಾವನ್ಗೂ ಯೋಳ್ಲಿಲ್ಲ, ಬೀದೀಲಿ ಕೇಳಿ ಖುಷಿ ಪಡ್ಲಿ ಅಂತ.

ಶುರು ಮಾಡಿದ ದಿನ ಯಾವ್ದು? ಸೋಮ್ವಾರ. ಅಯ್ಯೋ ನನ್ನ ಕಂದ, ಮಂಗಳ್ವಾರ ಮಾಡಿದ್ರೂ ಒಂದೀಟು ಉಳೀತಿತ್ತು!

ಒತ್ತಾರೆ ಎಂಗಸ್ರೆಲ್ಲ ಮನೆ ಸಾರ್ಸಿ, ತಲೆ ಮ್ಯಾಲೆ ನೀರುಯ್ಕಂಡು ಮಡೀಲವ್ರೆ. ಗಾಡಿ ಮ್ಯಾಗಲ ಬೀದಿಗೆ ತಿರುಗ್ತು. ಚಿಲ್, ಚಿಲ್, ಚಿಚಿಲ್. ಬಾಗ್ಲು ತೆಗುದ್ವು ನೋಡಿ, ಒಂದಾದ ಮ್ಯಾಲೊಂದು, ಪಟಪಟಪಟ! ಪುಷ್ಪ ಕನ್ನಡೀಲಿ ನೋಡ್ತಾಳೆ, ಬೀದಿ ತುಂಬ ಎಂಗಸ್ರು. ಗೆದ್ದೆ ಕಣ್ ತಾಯಿ ಅಂದ್ಕಂಡು ಗಾಡಿ ನಿಲ್ಲಿಸಿ ಇಳುದ್ಲು. ನೋಡುದ್ರೆ ಒಬ್ಬೊಬ್ರ ಕೈಲೂ ಒಂದೊಂದು ಮೊರ. ಮೊರದ ತುಂಬ ರಾಗಿ. ಪಡಿ ತಂದವ್ರೆ.

ದೊಡ್ಡಬಸಮ್ಮ ಎಲ್ರಿಗಿಂತ ಮುಂದೆ. ಅವಳ್ಗೆ ಕಣ್ಣು ಮಂಜು. "ಎಷ್ಟು ವರ್ಸ ಆಯ್ತಪ್ಪ ಗುಡ್ಡಪ್ಪ ನಮ್ಮ ಬೀದಿಗೆ ಬಂದು" ಅಂತ ಕಣ್ಣೀರಾಕ್ಕಂಡು, ಅಸಿರು ಗಾಡಿಗೇ ಕೈ ಮುಗ್ದು, ಪುಷ್ಪ ಬ್ಯಾಡ ಅನ್ನೋದ್ರೊಳಗೆ ಅವಳ ಸೆರಗಿಗೆ ರಾಗಿ ಸುರುದ್ಬುಟ್ಲು. ಅವಳ ಇಂದೆ ಇನ್ನೊಬ್ಳು. ಅವಳಿಂದೆ ಇನ್ನೊಬ್ಳು.

"ಅಯ್ಯೋ ನಿಲ್ಲಿ ಕಣ್ರವ್ವ, ಇದು ಕಸದ ಗಾಡಿ!"

"ಎಲ್ಲಿ ಗುಡ್ಡಪ್ಪ? ಗಾಡಿ ಒಳಗೆ ಕುಂತವ್ನಾ? ಮಂಡಿ ನೋವಲ್ವಾ, ಇಳೀದು ಬ್ಯಾಡ ಅನ್ನು."

ಅಷ್ಟೊತ್ಗೆ ಕೆಳಗಲ ಬೀದಿಯಿಂದ ರಾಣಿ ಬಂದ್ಲು. ರಾಣಿ ತಮಿಳೋಳು, ಗಟ್ಟಿಗಿತ್ತಿ, ಗಂಡನ್ನ ಬಯ್ಯೋಕೆ ತಮಿಳು, ಊರೋರ್ನ ಬಯ್ಯೋಕೆ ಕನ್ನಡ. ಅವಳ ಕಿವಿಗೆ ಅದು ಮಾದಪ್ಪನ ತಾಳ ಅಲ್ಲ, ಸುಮ್ನೆ ಇಂಪಾದ ಒಂದು ಪೀಪೀ. ಗಾಡಿ ಬಂತು ಅಂತ ಎರಡು ಕೈಲೂ ಕಸದ ಬಕೇಟು ಎತ್ಕಂಡು ಬಂದು ಗಾಡಿ ಒಳಕ್ಕೆ ದಬಕ್ಕನೆ ಸುರುದ್ಲು.

ದೊಡ್ಡಬಸಮ್ಮ ಎದೆ ಇಡ್ಕಂಡ್ಲು. "ಲೇ ರಾಣಿ! ಮಾದಪ್ಪನ ಜೋಳ್ಗೆಗೆ ಕಸ ಸುರೀತೀಯಲ್ಲೇ! ನಿನ್ನ ಕೈ ಸೇದೋಗ!"

"ಐಯೋ ಪಾಟೀ, ನೀನು ಕಸದ ಗಾಡಿಗೆ ರಾಗಿ ಸುರೀತೀಯಲ್ಲ, ನಾನೇನಾರ ಕೇಳಿದ್ನಾ?"

ಎಲ್ರೂ ಗಾಡಿ ನೋಡುದ್ರು, ಮೊರ ನೋಡ್ಕಂಡ್ರು. ಗಾಡಿ ಪಾಡಿಗೆ ಗಾಡಿ, ಚಿಲ್ ಚಿಲ್ ಚಿಚಿಲ್. ಆಮ್ಯಾಕೆ ಶುರು ಆಯ್ತು. ಒಬ್ಳು ನಗ್ತಾಳೆ, ಒಬ್ಳು ಕೆನ್ನೆ ಬಡ್ಕತಾಳೆ, ಒಬ್ಳು "ಕಸಕ್ಕೆ ಮಾದಪ್ಪನ ತಾಳ ಆಕ್ತೀಯಲ್ಲ, ನಿಂಗೆ ಅಂಜ್ಕೆ ಬ್ಯಾಡ್ವಾ" ಅಂತ ಪುಷ್ಪನ ಮ್ಯಾಲೆ ಬಿದ್ಲು. ಸೆರಗಲ್ಲಿರೋ ರಾಗಿ ವಾಪಸ್ ತಕಳಿ ಅಂದ್ರೆ ಯಾರೂ ತಕಳಾಕಿಲ್ಲ. ನೀಡಿದ ಪಡಿ ವಾಪಸ್ ಒಳಕ್ಕೆ ಓದ್ರೆ ಮನೆಗೆ ಆಗಾಕಿಲ್ಲ. ಗಾಡಿಗೆ ಆಕೋಕೂ ಆಗಾಕಿಲ್ಲ. ಪಾಪದ ಕೂಸು ಸೆರಗು ಇಡ್ಕಂಡು ನಡು ಬೀದೀಲಿ ನಿಂತ್ಲು, ಗಾಡಿ ಓಡ್ಸೋಕೆ ಕೈಯೇ ಇಲ್ಲ. ರಾಣೀನೇ ಬಂದು ಮೈಕ್ ಆರ್ಸುದ್ಲು.

ಶಂಕರಮ್ಮನ್ಗೆ ಸುದ್ದಿ ಓಗೋಕೆ ಎಷ್ಟೊತ್ತು? ಪೋನು ಬಂತು. "ಕಸ ತಾ ಅಂದ್ರೆ ಭಿಕ್ಸ ಎತ್ತೀಯಂತಲ್ಲವ್ವ! ಮೆಂಬ್ರುಗಳೆಲ್ಲ ನನ್ನ ಪ್ರಾಣ ತಿಂತಾವ್ರೆ. ತಿಂಗ್ಳು ಮುಗಿಯೋಕೆ ಇನ್ನು ಎಷ್ಟು ದಿನ ಅದೆ, ಕ್ಯಾಲೆಂಡ್ರು ನೋಡ್ಕೊ. ಕೀ ತೊಳ್ದು ಮಡಿಕ್ಕೊ."

ಪುಷ್ಪ ಮನೆಗೆ ಬಂದು ರಾಗಿ ಸೆರಗ್ನ ಮಾವನ ಮುಂದೆ ಬಿಚ್ಚುದ್ಲು. ಅಳು ತಡ್ಕಂಡು ಎಲ್ಲ ಯೋಳುದ್ಲು. "ತಪ್ಪಾಯ್ತು ಮಾವ. ದ್ಯಾವ್ರ ತಾಳ ಅಂತ ಯೋಚ್ನೆ ಮಾಡ್ಲಿಲ್ಲ. ನಿಮ್ಮ ತಾಳ ಅಂತ ಆಕ್ದೆ."

ಮುದುಕಪ್ಪ ರಾಗಿಗೆ ಕೈ ಇಟ್ಟ. "ಎಲ್ಲಿ, ಆ ಪೀಪೀ ಆಕು ನೋಡವ್ವ" ಅಂದ. ಪುಷ್ಪ ಮೊಬೈಲಲ್ಲಿ ಆಕುದ್ಲು. ಕೇಳ್ತಾ ಕೇಳ್ತಾ ಅವ್ನ ಕೈ ತೊಡೆ ಮ್ಯಾಲೆ ತಾಳ ಆಕೋಕೆ ಶುರು ಮಾಡ್ತು. ಮುಗುದ್ಮ್ಯಾಕೆ ಯೋಳ್ದ, "ತಾಳ ಸರ್ಯಾಗದೆ ಕೂಸೆ. ಅದೇ ಬಂದದ್ದು ಎಡವಟ್ಟು. ತಪ್ಪಾಗಿದ್ದಿದ್ರೆ ಒಬ್ಳಾರ ಮೊರ ತತ್ತಿದ್ಲಾ?"

ಮೂರ್ತಿ ಬಾಗ್ಲಲ್ಲಿ ನಿಂತೋನು, ಅಪರೂಪಕ್ಕೆ ಬಾಯಿ ಬುಟ್ಟ. "ಅಪ್ಪ, ನೀನು ಊರು ಸುತ್ತುವಾಗ್ಲೂ ಒಂದೇ ಬೀದೀಲಿ ಇಷ್ಟು ರಾಗಿ ಬಂದಿರ್ನಿಲ್ಲ."

"ಮುಚ್ಲಾ ಬಾಯಿ" ಅಂದ ಮುದುಕಪ್ಪ, ಆದ್ರೆ ನಗ್ತಿದ್ದ. ಆ ರಾಗೀಗೆ ಅವ್ನೇ ವಿಭೂತಿ ಆಕಿ, ಗುಡ್ಡಪ್ಪ ಇಸ್ಕಂಡಂಗಾಯ್ತು ಅಂದ. ಸಾಯಂಕಾಲ ಅದನ್ನೇ ಬೀಸ್ಸಿ ಅಂಬ್ಲಿ ಕಾಯ್ಸಿ ಎರಡು ಬೀದಿಗೂ ಕುಡಿಸುದ್ರು. ದೊಡ್ಡಬಸಮ್ಮನೂ ರಾಣಿನೂ ಒಂದೇ ಜಗ್ಲಿ ಮ್ಯಾಲೆ ಕುಂತು ಸೊರ್ ಸೊರ್ ಅಂತ ಕುಡುದ್ರು. ಅಂಬ್ಲಿ ಇದ್ಯಲ್ಲ, ಅದಕ್ಕೆ ಒಂದು ಚೂರು ಮಜ್ಗೆ, ಒಂದು ಈರುಳ್ಳಿ ಇದ್ರೆ ಯಾವ ಜಗಳಾನೂ ಉಳಿಯಾಕಿಲ್ಲ. ಇರ್ಲಿ.

ಮಾರ್ನೆ ದಿನ ಮುದುಕಪ್ಪ ಸೊಸೇನ ಕರ್ದ. "ನೋಡವ್ವ, ಕಂಸಾಳೆ ನೀಡು ಅಂತ ಕರಿಯೋ ತಾಳ. ಅದ ಕೇಳುದ್ರೆ ನಮ್ಮೋರ ಕೈ ಮೊರಕ್ಕೇ ಓಯ್ತದೆ, ಬಕೇಟ್ಗೆ ಓಗಾಕಿಲ್ಲ. ಕಸ ಎತ್ತೋದು ಕೆಲ್ಸ. ಕೆಲ್ಸಕ್ಕೆ ಕೆಲ್ಸದ ಪದಾನೇ ಬೇಕು."

"ಯಾವ್ದು ಮಾವ?"

ಮುದುಕಪ್ಪ ಆಚೆ ಈಚೆ ನೋಡ್ದ. ಎದ್ದು ಕುಂಟ್ಕಂಡು ಓಗಿ ಬಾಗ್ಲು ಆಕ್ದ. ಸಾವ್ರಾರು ಜನದ ಮುಂದೆ ಎದೆ ಬುಟ್ಟು ಪದ ಏಳ್ದೋನು, ಈಗ ಒಸ ಮದ್ಲಿಂಗನಂಗೆ ನಾಚ್ಕಂಡ. "ಬೀಸೋ ಪದ. ಅದು ಎಂಗಸ್ರದ್ದು. ನಾನು ಏಳ್ದೆ ಅಂತ ಯಾರ್ಗೂ ಯೋಳ್ಬ್ಯಾಡ." "ನಮ್ಮವ್ವ ಕೋಳಿ ಕೂಗೋ ಒತ್ನಲ್ಲಿ ಬೀಸ್ತಿದ್ಲು, ನಾನು ತೊಡೆ ಮ್ಯಾಲೆ ತಲೆ ಇಟ್ಕಂಡು ನಿದ್ದೆ ಮಾಡ್ತಿದ್ದೆ" ಅಂತ ಯೋಳ್ಕಂಡು, ಗಾಳೀಲಿ ಇಲ್ದಿರೋ ಗೂಟ ಇಡ್ಕಂಡು ಕಲ್ಲು ತಿರುಗ್ಸಿದಂಗೆ ಕೈ ಆಡುಸ್ಕಂಡು ಸಣ್ಣ ದನೀಲಿ ಏಳ್ದ:

"ಮೂಡಾಲ ಬೆಳಗಾಯ್ತು, ಕೋಳೀಯ ಕೂಗಾಯ್ತು
ಕೂಡಿಟ್ಟ ರಾಗಿ ಮುಗಿಲಿಲ್ಲ."

ಏಳ್ದ, ತಿರುಗ ಮೊದ್ಲಿಂದ ಏಳ್ದ. ಕಲ್ಲು ಸುತ್ತುದಂಗೆ ರಾಗಾನೂ ಸುತ್ತಿ ಸುತ್ತಿ ಶುರುವಾದ ತಾವಿಗೇ ಬರ್ತದೆ. ಎಲ್ಲಿ ಮುಗೀತದೆ ಅಂತ ಪುಷ್ಪ ಕೇಳುದ್ಲು. "ಮುಗ್ಯಾಕಿಲ್ಲ ಕೂಸೆ. ರಾಗಿ ಮುಗುದ್ರೆ ಪದ ನಿಲ್ತದೆ ಅಷ್ಟೇ."

ಪುಷ್ಪ ಚಪ್ಲಿನೂ ಆಕಳ್ದೆ ಲೈಬ್ರರಿಗೆ ಓಡುದ್ಲು. ಗೇಮು ಡಬ್ಬದ ರಾಗಾನೂ ಅಂಗೇ ಅಲ್ವಾ, ಆಟ ಮುಗಿಯೋಗಂಟ ಸುತ್ತೋದು! ಚಿಲ್ ಅಂತಿದ್ದ ಗಂಟ್ಲನ್ನ ಈಗ ಕತ್ತರುಸ್ದೆ ಉದ್ದಕ್ಕೆ ಬುಟ್ಟು, ದನಿ ತಗ್ಗುಸುದ್ಲು. ಗರ್ರ್, ಗರ್ರ್. ಬೀಸೋ ಕಲ್ಲೇ ಬಂದು ಕಂಪ್ಯೂಟರಲ್ಲಿ ಕುಂತಂಗಾಯ್ತು. ಬುರುಡೆ ಗಂಟ್ಲಲ್ಲಿ ಕೈ ಎಳೆಯೋ ತಾಳ. ಒಂದು ಪೀಪೀ ಪದ ಏಳ್ತದೆ, ಇನ್ನೊಂದು ಪೀಪೀ ಅದ್ರ ಬಾಲ ಇಡ್ಕಂಡು ಸೋಬಾನೆಯೋರಂಗೆ ಎತ್ಕೊಡ್ತದೆ. ದೇವರಾಜು ಎಡ್ಫೋನ್ ಕಿತ್ಕಂಡು ಯೋಳ್ದ, "ಅಕ್ಕ, ನಂಗೆ ರಾಗಿ ಇಟ್ಟು ಉಣ್ಬೇಕು ಅನ್ನುಸ್ತಾ ಅದೆ." ಪುಷ್ಪ ಅಂದ್ಲು, "ಉಣ್ಣು, ಆಮ್ಯಾಲೆ ಕಸ ತಂದು ಆಕು."

ಈ ಸಲ ಗ್ಯಾನ ಇಟ್ಕಂಡು ಬುಧ್ವಾರ ಶುರು ಮಾಡುದ್ಲು. ಗಾಡಿ ಮ್ಯಾಗಲ ಬೀದಿಗೆ ಬಂತು. ಎಂಗಸ್ರು ಮೊದ್ಲು ಬಾಗ್ಲು ಸಂದೀಲಿ ಇಣುಕಿದ್ರು, ಇವತ್ತೇನು ಕೇಳ್ತದಪ್ಪ ಇದು ಅಂತ. ಕೇಳುದ್ರೆ ಬೀಸೋ ಪದ. ಬೀಸೋ ಪದ ಕಿವಿಗೆ ಬಿದ್ರೆ ಎಂಗಸ್ರು ಕೈ ಕಟ್ಕಂಡು ಕುಂತಿರೋಕಾಯ್ತದಾ? ಕೈ ತಾನಾಗೇ ಏನಾದ್ರೂ ಉಡುಕ್ತದೆ. ಪೊರಕೆ ಸಿಕ್ತು, ಗುಡುಸುದ್ರು. ಗುಡುಸಿದ್ದ ಎತ್ತಿ ಎಲ್ಲಿಗಾಕೋದು? ಗಾಡಿ ಎದ್ರಿಗೇ ನಿಂತದೆ. ಕೆಳಗಲ ಬೀದಿಗೆ ಓದ್ರೆ ರಾಣಿ ಬಕೇಟ್ ಇಡ್ಕಂಡೇ ನಿಂತ್ಬುಟ್ಲು. "ಅಕ್ಕಾ, ಇದು ನಮ್ಮ ಅಮ್ಮಾಚಿ ಬೀಸುವಾಗ ಏಳ್ತಿದ್ದ ರಾಗ ಅಲ್ವಾ! ನಿಂಗೆ ಯಾರು ಕೊಟ್ರು?" ಅವರ ತಮಿಳಿನ ಕಲ್ಲೂ ನಮ್ಮ ಕನ್ನಡದ ಕಲ್ಲೂ ಒಂದೇ ಬಂಡೇಲಿ ಒಡ್ದದ್ದು ಅಂತ ಯಾರ್ಗೆ ಗೊತ್ತಿತ್ತು.

ಆದ್ರೂ ಮೊದಮೊದ್ಲು ಕಸ ಕೈಯಗಲವೇ. ದಿನಾ ಒಂದೆರಡು ಮನೆ ಜಾಸ್ತಿ ಆಯ್ತಿತ್ತು. ಅಷ್ಟೊತ್ಗೆ ತಿಂಗ್ಳು ಕೊನೆ ಬಂದೇ ಬುಡ್ತು. ಅವತ್ತು ಒತ್ತಾರೆ ಶಂಕರಮ್ಮ ಮೆಂಬ್ರುಗಳ್ನ ಕಟ್ಕಂಡು ಕಸದ ಶೆಡ್ಡಿನ ಮುಂದೆ ಕುರ್ಚಿ ಆಕುಸ್ಕಂಡು ಕುಂತ್ಲು. ಅನೂರಿನ ಕಂಟ್ರಾಕ್ಟ್ನೋನೂ ಬಂದಿದ್ದ, ಬಿಳಿ ಅಂಗಿ, ಕೈಲಿ ಬೈಕ್ ಕೀ ತಿರುಗ್ಸ್ಕಂಡು. ಗಾಡಿ ಬರೋ ಒತ್ತಾಯ್ತು. ಬರ್ಲಿಲ್ಲ. ಬಿಸ್ಲೇರ್ತು. ಬರ್ಲಿಲ್ಲ.

"ಎದರ್ಕಂಡು ಗಾಡಿ ಬುಟ್ಟು ಓಡೋದ್ಲೇನೋ" ಅಂದ ಕಂಟ್ರಾಕ್ಟ್ನೋನು.

"ಗಾಡಿ ಬುಟ್ಟು ಓಗೋ ಎಂಗಸಲ್ಲ ಅವ್ಳು. ಓದ್ರೆ ಗಾಡಿ ಸಮೇತ ಓಯ್ತಾಳೆ" ಅಂತ ಶಂಕರಮ್ಮ ಎದ್ದು ಉಡುಕ್ಕಂಡು ಒಂಟ್ಲು. ಎಲ್ರೂ ಇಂದೆ.

ಗಾಡಿ ಕೆಳಗಲ ಬೀದೀಲಿತ್ತು. ಗಾಡಿ ತುಂಬಿ, ಮ್ಯಾಲೆ ಮೂಟೆ ಕಟ್ಟಿ, ಇನ್ನೂ ಮೂಟೆ ನೆಲದ ಮ್ಯಾಲಿದ್ವು. ಪುಷ್ಪ ವೀಲ್ ಇಡ್ಕಂಡು "ಬುಡಿ ಕಣ್ರವ್ವ, ನನ್ನ ಕೆಲ್ಸ ಓಯ್ತದೆ ಇವತ್ತು, ದಮ್ಮಯ್ಯ" ಅಂತ ಬೇಡ್ತಾವ್ಳೆ. ಬುಡೋರ್ಯಾರು? ಎರಡು ಬೀದಿ ಎಂಗಸ್ರೂ ಗಾಡಿ ಸುತ್ತ ನಿಂತು ಪೀಪೀಗೆ ಪದ ಕಟ್ತಾವ್ರೆ! ರಾಗ ಮುಗ್ಯಾಕಿಲ್ವಲ್ಲ, ಪದಾನೂ ಮುಗೀತಿಲ್ಲ. ದೊಡ್ಡಬಸಮ್ಮ ಸೊಂಟದ ಮ್ಯಾಲೆ ಕೈ ಇಟ್ಕಂಡು ಏಳ್ತಾಳೆ:

"ಅಸಿ ಕಸ ಈ ಕಡೆಗೆ, ಒಣ ಕಸ ಆ ಕಡೆಗೆ
ಸೊಸೆ ಮಾತು ಯಾವ ಕಡೆಗವ್ವ?"

ಎಂಗಸ್ರೆಲ್ಲ ಓ ಅಂದ್ರು. ರಾಣಿ ಬುಡ್ತಾಳಾ? ಅವ್ಳು ತಮಿಳಲ್ಲೇ ತಿರುಗುಸುದ್ಲು. ಅದರ ಅರ್ಥ ಏನು ಅಂದ್ರೆ, ಅಸೀದು ಗೊಬ್ರಕ್ಕೆ, ಒಣದು ಗಾಡಿಗೆ, ಅತ್ತೆ ಬೈಗಳ ಅಳ್ಳಕ್ಕೆ ಅಂತ. ಅರ್ಥ ಆದೋರು ನಕ್ರು, ಆಗ್ದೋರು ಕೇಳಿ ತಿಳ್ಕಂಡು ಇನ್ನೊಂದ್ಸಲ ನಕ್ರು.

ಶಂಕರಮ್ಮ ಮೂಟೆಗಳ್ನ ನೋಡುದ್ಲು, ಕಂಟ್ರಾಕ್ಟ್ನೋನ್ನ ನೋಡುದ್ಲು. ಅವ್ನು ಕೀ ತಿರುಗ್ಸೋದ ನಿಲ್ಲಿಸಿದ್ದ. ಅವಳ್ಗೆ ತಡ್ಕಳೋಕಾಗ್ಲಿಲ್ಲ, ಅವ್ಳೂ ಒಬ್ಬ ಸೊಸೆ ತಾನೆ, ಮನೇಲಿ ಅತ್ತೆ ಇನ್ನೂ ಗಟ್ಟಿಯಾಗವ್ಳೆ. ಸೆರಗು ಸಿಕ್ಕುಸ್ಕಂಡು ಅವ್ಳೂ ಒಂದು ಪದ ಕಟ್ಟಿ ಏಳುದ್ಲು. ಅದು ಇಲ್ಲಿ ಬ್ಯಾಡ, ಅವಳತ್ತೆಗೆ ಯಾರಾರ ಓಗಿ ಯೋಳ್ಬುಟ್ಟಾರು.

ಆಮ್ಯಾಲೆ ಗಾಡಿ ಕಿಟ್ಕಿಗೆ ಬಗ್ಗಿ, "ವೀಲು ನಿಂದು ಕಣವ್ವ, ಇನ್ನು ಯಾರಾರ ಕೇಳುದ್ರೆ ನನ್ನತ್ರಕ್ಕೆ ಕಳ್ಸು" ಅಂದ್ಲು. ಪುಷ್ಪ ವೀಲ್ ಮ್ಯಾಲೆ ತಲೆ ಇಟ್ಬುಟ್ಲು, ಪೂ ಅಂತ ಆರನ್ ಒಡ್ಕಂತು. "ಆದ್ರೆ ಟೈಮ್ಗೆ ಶೆಡ್ಗೆ ಬರ್ಬೇಕು. ಇವರು ಪದ ಏಳ್ತಾ ನಿಂತ್ರೆ ನೀನು ಮದ್ಯಾನಕ್ಕೂ ಬರಾಕಿಲ್ಲ. ಅದಕ್ಕೊಂದು ದಾರಿ ಮಾಡು."

ದಾರಿ ಮಾಡುದ್ಲು. ಲೈಬ್ರರಿಗೆ ಓಗಿ, ಅದೇ ರಾಗದ ವೇಗ ಏರುಸ್ಕಂಡು ಬಂದ್ಲು, ಕಪ್ಪೆ ಬಾವಿ ದಾಟುವಾಗಿನಂಗೆ ಬಿರುಬಿರು. ಎಂಗಸ್ರು ಪದ ಕಟ್ಟೋಕೆ ಆಗ್ದೆ ಬಕೇಟ್ ಸುರ್ದು ಓಗ್ಲಿ ಅಂತ. ಗಾಡಿ ಬಂತು, ಪೀಪೀ ಓಡ್ತಾ ಅದೆ, ಕಲ್ಲು ಗರಗರಗರ. ದೊಡ್ಡಬಸಮ್ಮ ಬಾಗ್ಲಲ್ಲಿ ಕಿವಿ ಕೊಟ್ಟು ನಿಂತ್ಲು.

"ಯಾಕವ್ವ ಪುಷ್ಪ, ನಿನ್ನ ಕಲ್ಲಿಗೆ ದೆವ್ವ ಮೆಟ್ಕಂತಾ?"

"ಬೇಗ ಬೀಸಜ್ಜಿ, ಅಧ್ಯಕ್ಷ್ರು ಕಾಯ್ತಾವ್ರೆ!"

"ಓ, ಅಂಗಾ" ಅಂದ್ಲು ಮುದುಕಿ. ಸೆರಗು ಬಿಗುದ್ಲು, ಗಂಟ್ಲು ಸರಿ ಮಾಡ್ಕಂಡ್ಲು, ಅದಕ್ಕಿಂತ ಬಿರುಸಾಗಿ ಶುರು ಮಾಡುದ್ಲು.